ಗಣಕದೊಳಗೊಂದು ಗಣಕ

ಶಾಲೆಯ ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಮುಖ್ಯಾಧ್ಯಾಪಕರು ಹೇಳಿ ಕಳಿಸಿದಾಗ ನನಗೆ ಸಂತೋಷವೂ ಆಯಿತು, ಅಂಜಿಕೆಯೂ ಆಯಿತು. ಇದೇ ಶಾಲೆಯ ಬೆಂಚಿನ ಮೇಲೆ ಕುಳಿತು ೨೦೧೦ರಲ್ಲಿ ಎಸ್.ಎಸ್.ಸಿ. ಪಾಸಾದವಳು ನಾನು. ಇಯತ್ತೆ ಒಂಬತ್ತರಲ್ಲಿದ್ದಾಗ ಈ ಸಂಚಿಕೆಗೆಂದು ಮಳೆಗಾಲದ ಮೇಲೆ ಒಂದು ನಿಬಂಧ ಬರೆದುಕೊಟ್ಟಿದ್ದೆ, ಅದು ಅಚ್ಚಾಗಲಿಲ್ಲ. ಈಗ ಕೇಳಿ ಬರೆಸಿಕೊಳ್ಳುತ್ತಿದ್ದಾರೆಂದರೆ ಕಾಲ ಬದಲಾಯಿತೆನ್ನಬೇಕು! "ಗಣಕಯಂತ್ರದ ವಿಷಯವಾಗಿ ಬರೆಯಿರಿ, ಹುಡುಗರಿಗೂ ಪಾಲಕರಿಗೂ ತಿಳಿಯುವಂತಿರಲಿ" ಎಂದು ಗುರುಗಳ ಅಪ್ಪಣೆ. ತಿಳಿಯುವಂತೆ ಬರೆಯಬೇಕಾದರೆ ನಾನು ಮಾಡಿದ ಒಂದು ದೊಡ್ಡ ತಪ್ಪಿನಿಂದಲೇ ಆರಂಭಿಸುವುದು ಲೇಸು.

ನಮ್ಮ ತಂದೆಯವರು ಅಕ್ಕಲಕೋಟದ ಮಾರ್ಕೆಟ್ ಯಾರ್ಡಿನಲ್ಲಿ ಒಂದು ಅಡತಿ ಅಂಗಡಿಯ ದಿವಾನಜಿಯಾಗಿದ್ದರು. ನಾಗಣಸೂರ, ಮೈಂದರ್ಗಿ, ತಡವಳ, ಕರಜಗಿ ಕಡೆಯ ರೈತರು ತೊಗರಿ, ಜೋಳ, ಕಡಲೆ ತಂದು ಇಳಿಸುವರು. ಯಾರ ಚೀಲ ಎಷ್ಟು, ತೂಕ ಎಷ್ಟು, ಹಮಾಲಿ ಎಷ್ಟು, ಮೊದಲೇ ಒಯ್ದ ಮುಂಗಡ ಎಷ್ಟು ಎಂಬುದನ್ನೆಲ್ಲ ಬರೆದಿಡುವುದು ಅವರ ಕೆಲಸ. ಇಪ್ಪತ್ತೈದು ವರುಷ ಕೆಂಪು ಬಟ್ಟೆಯ ವಹಿಯಲ್ಲಿ ಬರೆದ ಕೈ ಅದು. ೨೦೧೧ರಲ್ಲಿ ಸಾವುಕಾರರು ಎಲ್ಲಿಂದಲೋ ಒಂದು ಹಳೆಯ ಲ್ಯಾಪ್‌ಟಾಪು ತಂದು ಗಾದಿಯ ಮೇಲಿಟ್ಟು, "ಇನ್ನ ಮ್ಯಾಲ ಲೆಕ್ಕ ಇದರಾಗ ಇಡ್ರಿ" ಎಂದರು. ಐವತ್ತರ ಹತ್ತಿರ ಬಂದಿದ್ದ ನಮ್ಮ ತಂದೆಯವರು ಮೂರು ತಿಂಗಳು ರಾತ್ರಿ ಕುಳಿತು ಮರಾಠಿ ಟೈಪು ಕಲಿತರು. ಒಂದೊಂದೇ ಬೆರಳು, ಒಂದೊಂದೇ ಅಕ್ಷರ. ಸಂಜೆ ಆ ಯಂತ್ರವನ್ನು ಬಟ್ಟೆಯಲ್ಲಿ ಸುತ್ತಿ, ಚೀಲದಲ್ಲಿಟ್ಟು, ಸೈಕಲ್ಲಿನ ಹ್ಯಾಂಡಲ್ಲಿಗೆ ತೂಗುಹಾಕದೆ ಹೆಗಲಿಗೇ ಹಾಕಿಕೊಂಡು ಮನೆಗೆ ತರುತ್ತಿದ್ದರು. ಗಣಕ ನಮ್ಮದಲ್ಲ, ಅಂಗಡಿಯದು ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ನಾನು ಆಗ ಸೋಲಾಪುರದ ಒಂದು ಕಾಲೇಜಿನಲ್ಲಿ ಬಿ.ಎಸ್‌ಸಿ. ಓದುತ್ತಿದ್ದೆ. ಬೆಳಿಗ್ಗೆ ಎಸ್.ಟಿ. ಬಸ್ಸು, ಸಂಜೆ ಎಸ್.ಟಿ. ಬಸ್ಸು, ಹೋಗಿ ಬರುವ ಎಂಬತ್ತು ಕಿಲೋಮೀಟರಿನಲ್ಲಿಯೇ ನಿದ್ದೆ, ಓದು ಎರಡೂ. ಅಲ್ಲಿ ಮೊದಲ ಸಲ ಲಿನಕ್ಸ್ ಎಂಬ ಹೆಸರು ಕೇಳಿದೆ. ಗಣಕಯಂತ್ರವೆಂದರೆ ಬರೀ ಕಬ್ಬಿಣ, ತಂತಿ. ಅದನ್ನು ಎಬ್ಬಿಸಿ ಕೆಲಸಕ್ಕೆ ಹಚ್ಚುವ ಕಾರ್ಯವ್ಯವಸ್ಥೆ ಎಂಬುದೊಂದು ಒಳಗೆ ಬೇಕು. ಆಪರೇಟಿಂಗ್ ಸಿಸ್ಟಮ್ ಎನ್ನುವುದು ಅದಕ್ಕೇ. ಹೆಚ್ಚಿನ ಮನೆಗಳಲ್ಲಿ ಇರುವುದು ವಿಂಡೋಸ್. ಲಿನಕ್ಸ್ ಬೇರೊಂದು. ೧೯೯೧ರಲ್ಲಿ ಫಿನ್‌ಲೆಂಡ್ ದೇಶದ ಹೆಲ್ಸಿಂಕಿಯಲ್ಲಿ ಲಿನಸ್ ಟೋರ್ವಾಲ್ಡ್ಸ್ ಎಂಬ ಇಪ್ಪತ್ತೊಂದು ವಯಸ್ಸಿನ ವಿದ್ಯಾರ್ಥಿ ಅದರ ತಿರುಳನ್ನು ಬರೆದು ಊರಿಗೆಲ್ಲ ಹಂಚಿದ. ಅದಕ್ಕೂ ಮೊದಲು, ೧೯೮೩ರಿಂದಲೇ, ಅಮೇರಿಕೆಯ ರಿಚರ್ಡ್ ಸ್ಟಾಲ್‌ಮನ್ ಮತ್ತು ಅವರ ಗೆಳೆಯರು ಉಳಿದ ಸಲಕರಣೆಗಳನ್ನು ಸಿದ್ಧಮಾಡಹತ್ತಿದ್ದರು. ಎರಡೂ ಕೂಡಿ ಒಂದು ಪೂರ್ಣ ವ್ಯವಸ್ಥೆಯಾಯಿತು. ಬೇಕಾದವರು ಬಿಚ್ಚಿ ನೋಡಬಹುದು, ತಿದ್ದಬಹುದು, ಪ್ರತಿ ಮಾಡಿ ಗೆಳೆಯರಿಗೆ ಕೊಡಬಹುದು. ರೊಕ್ಕವಿಲ್ಲ. ಬಡ ಕಾಲೇಜಿನ ಹುಡುಗಿಗೆ ಇದಕ್ಕಿಂತ ಹೆಚ್ಚಿನ ಆಕರ್ಷಣೆ ಯಾವುದು?

ಸಹಪಾಠಿಯೊಬ್ಬಳು ಉಬುಂಟು ಎಂಬ ಲಿನಕ್ಸಿನ ಒಂದು ಸಿ.ಡಿ. ಪ್ರತಿ ಮಾಡಿಕೊಟ್ಟಳು. ೨೦೧೩ರ ಜನವರಿ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಗೆ ನಂದಿಧ್ವಜಗಳ ಮೆರವಣಿಗೆ ನೋಡಲೆಂದು ತಂದೆತಾಯಿಗಳು ಸೋಲಾಪುರಕ್ಕೆ ಹೋಗಿದ್ದರು. ನಾನು ಅಭ್ಯಾಸದ ನೆವ ಹೇಳಿ ಮನೆಯಲ್ಲಿಯೇ ಉಳಿದೆ. ಲ್ಯಾಪ್‌ಟಾಪು ಕಪಾಟಿನಲ್ಲಿತ್ತು. ವಿಂಡೋಸಿನ ಪಕ್ಕದಲ್ಲಿ ಲಿನಕ್ಸನ್ನೂ ಕೂಡಿಸಿ, ಬೇಕಾದಾಗ ಇದು, ಬೇಕಾದಾಗ ಅದು ಎಂದು ನಡೆಸಬಹುದೆಂದು ಕೇಳಿದ್ದೆ. ಸಿ.ಡಿ. ಹಾಕಿದೆ. ಪ್ರಶ್ನೆಗಳು ಬರತೊಡಗಿದವು, ಎಲ್ಲವೂ ಇಂಗ್ಲಿಷಿನಲ್ಲಿ.

ಇಲ್ಲಿ ಒಂದು ಮಾತು ಮುಚ್ಚಿಡದೆ ಹೇಳಬೇಕು. ನಾನು ಹತ್ತನೆಯ ಇಯತ್ತೆಯವರೆಗೆ ಕನ್ನಡದಲ್ಲಿ ಕಲಿತವಳು. ಇಂಗ್ಲಿಷು ಓದಲು ಬರುತ್ತಿತ್ತು. ಓದಿದ್ದು ಪೂರ್ತಿ ತಿಳಿಯಿತೆಂದು ಹೇಳಲಾರೆ. ತಿಳಿಯದಿದ್ದಾಗ ಕೇಳಲು ನಾಚಿಕೆ. ಆ ತೆರೆಯ ಮೇಲೆ ಮೂರು ಆಯ್ಕೆಗಳಿದ್ದವು. ಒಂದರಲ್ಲಿ 'ಎರೇಸ್ ಡಿಸ್ಕ್' ಎಂದಿತ್ತು. ಎರೇಸ್ ಅಂದರೆ ಅಳಿಸುವುದು ಎಂಬುದು ಗೊತ್ತಿತ್ತು. ಆದರೆ ಡಿಸ್ಕ್ ಎಂದರೆ 'ಡಿ' ಎಂಬ ಖಾಲಿ ಭಾಗವಿರಬೇಕೆಂದು ನಾನೇ ತಿಳಿದುಕೊಂಡೆ. ಖಾಲಿ ಇದ್ದದ್ದನ್ನು ಅಳಿಸಿದರೆ ಏನಾದೀತು ಎಂದು ಒತ್ತಿಯೂ ಬಿಟ್ಟೆ. ಇಪ್ಪತ್ತು ನಿಮಿಷಗಳಲ್ಲಿ ನೇರಳೆ ಬಣ್ಣದ ಚೆಂದದ ತೆರೆ ಬಂದಿತು. ಕುಣಿದಾಡಿದೆ. ಆಮೇಲೆ ವಿಂಡೋಸು ಎಲ್ಲಿ ಎಂದು ಹುಡುಕಿದೆ. ಇರಲಿಲ್ಲ. ಅಪ್ಪನ ಲೆಕ್ಕ ಹುಡುಕಿದೆ. ಅದೂ ಇರಲಿಲ್ಲ. ತೊಗರಿಯ ಸುಗ್ಗಿ ಆರಂಭವಾದಂದಿನಿಂದ ಬಂದ ಚೀಲಗಳ ಲೆಕ್ಕ ಒಂದು ಸಾಲೂ ಉಳಿಯದೆ ಹೋಗಿತ್ತು.

ಆ ರಾತ್ರಿ ತಂದೆಯವರು ಜಾತ್ರೆಯಿಂದ ಬಂದಾಗ ನನಗೆ ಬಾಯಿ ಬರಲಿಲ್ಲ. ಕೈಯಿಂದ ಯಂತ್ರ ತೋರಿಸಿದೆ. ಅವರು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, "ಕಚ್ಚಾ ಚೀಟಿ ಗೋಣಿಚೀಲದಾಗ ಅದಾವ, ನಾಳಿ ತರತೀನಿ" ಎಂದಷ್ಟೇ ಹೇಳಿ ಮಲಗಿದರು. ಮರುದಿನದಿಂದ ಹನ್ನೊಂದು ರಾತ್ರಿ ಅವರು ತೂಕದ ಚೀಟಿಗಳನ್ನು ಒಂದೊಂದಾಗಿ ಬಿಡಿಸಿ, ಮತ್ತೆ ಎಲ್ಲವನ್ನೂ ವಹಿಯಲ್ಲಿ ಬರೆದರು. ನಾನು ಓದಿ ಹೇಳುವುದು, ಅವರು ಬರೆಯುವುದು. ನಡುವೆ ಒಂದು ಮಾತೂ ಇಲ್ಲ. ಎರಡು ಚೀಟಿ ಸಿಕ್ಕಲೇ ಇಲ್ಲ. ಆ ರೈತರು ಹೇಳಿದ ತೂಕವನ್ನೇ ತಂದೆಯವರು ಒಪ್ಪಿಕೊಂಡರಂತೆ. ಅಂಗಡಿಯ ಲೆಕ್ಕಕ್ಕೂ ಅದಕ್ಕೂ ಬಿದ್ದ ನಾಲ್ಕು ಸಾವಿರ ಚಿಲ್ಲರೆ ರೂಪಾಯಿಯ ಅಂತರವನ್ನು ತಮ್ಮ ಪಗಾರದಲ್ಲಿ ಮುರಿಸಿಕೊಂಡರಂತೆ. ಇದು ನನಗೆ ತಿಳಿದದ್ದು ಎರಡು ವರ್ಷದ ಮೇಲೆ, ಅದೂ ತಾಯಿಯ ಬಾಯಿಂದ. ಅಂದು ಹೇಳಿದ್ದು ಒಂದೇ ಮಾತು: "ಅವ್ವಾ, ಇನ್ನ ಇದನ್ನ ಮುಟ್ಟಬ್ಯಾಡ."

ಮುಟ್ಟಲಿಲ್ಲ. ಐದು ತಿಂಗಳು ಮುಟ್ಟಲಿಲ್ಲ.

ಬೇಸಿಗೆಯ ರಜೆ ಮುಗಿದು ಕಾಲೇಜು ಆರಂಭವಾದಾಗ ನಮಗೆ ಹೊಸದಾಗಿ ಬಂದಿದ್ದ ಅಧ್ಯಾಪಕರೊಬ್ಬರು ಪ್ರಯೋಗಶಾಲೆಯಲ್ಲಿ ಒಂದು ಚಮತ್ಕಾರ ತೋರಿಸಿದರು. ಅವರ ಗಣಕದಲ್ಲಿ ವಿಂಡೋಸ್ ನಡೆದಿತ್ತು. ಅದರಲ್ಲಿ ಒಂದು ಕಿಟಕಿ ತೆರೆದರು. ಆ ಕಿಟಕಿಯೊಳಗೆ ಕರಿಯ ತೆರೆ, ಅಕ್ಷರಗಳು ಸರಸರನೆ ಓಡಿದವು, ಬಳಿಕ ಇಡೀ ಲಿನಕ್ಸ್ ಎದ್ದು ಕುಳಿತಿತು! ಅದಕ್ಕೆ ಅದರದೇ ಪಟ್ಟಿಗಳು, ಅದರದೇ ಗಡಿಯಾರ, ಅದರದೇ ಕಸದ ಬುಟ್ಟಿ. ಸುತ್ತ ವಿಂಡೋಸು ತನ್ನ ಪಾಡಿಗೆ ತಾನಿದೆ. ನಾನು ನಡೆದದ್ದನ್ನೆಲ್ಲ ಅವರಿಗೆ ಹೇಳಿದೆ. ಅವರು ನಕ್ಕು, "ಹೊಸಾ ಖೋಲಿ ನೋಡಬೇಕಂದ್ರ ಹಳೇ ಮನಿ ಕೆಡವಬೇಕಂತ ನಿನಗ ಯಾರು ಹೇಳಿದ್ರು? ಮನಿಯೊಳಗೇ ಒಂದು ಮನಿ ಕಟ್ಟು" ಎಂದರು.

ಆ ಮನೆ ಕಟ್ಟುವ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಇದರಲ್ಲಿ ಮಾಟವಿಲ್ಲ. ವರ್ಚುವಲ್‌ಬಾಕ್ಸ್ ಎಂಬ ಒಂದು ಸಾಧನವಿದೆ, ಬೆಲೆಯಿಲ್ಲದ್ದು. ಅದನ್ನು ವಿಂಡೋಸಿನಲ್ಲಿ ಇತರ ಸಾಧನಗಳಂತೆಯೇ ಸೇರಿಸಬೇಕು. ಅದು ಒಂದು ಸುಳ್ಳು ಗಣಕವನ್ನು ಹುಟ್ಟಿಸುತ್ತದೆ. ಸುಳ್ಳು ಎಂದೆನೆಂದು ಬೇಸರ ಬೇಡ. ನಾಟಕದಲ್ಲಿ ರಾಜನ ಪಾತ್ರ ಮಾಡಿದವನು ಸುಳ್ಳು ರಾಜನಾದರೂ ಸಿಂಹಾಸನದ ಮೇಲೆ ಕುಳ್ಳಿರುವುದಿಲ್ಲವೆ, ಹಾಗೆ. ಈ ಸುಳ್ಳು ಗಣಕಕ್ಕೆ ಸ್ಮೃತಿ ಎಷ್ಟು, ಡಿಸ್ಕು ಎಷ್ಟು ಎಂದು ನಾವೇ ಹೇಳಬೇಕು. ಡಿಸ್ಕು ಎಂದರೆ ನಿಜವಾಗಿ ಏನು? ವಿಂಡೋಸಿನ ಕಣ್ಣಿಗೆ ಅದೊಂದು ದೊಡ್ಡ ಕಡತ, ಅಷ್ಟೆ. ಹಾಡಿನ ಕಡತ, ಚಿತ್ರದ ಕಡತ ಇದ್ದಂತೆ ಇದೂ ಒಂದು. ಒಳಗಿರುವ ಲಿನಕ್ಸಿನ ಕಣ್ಣಿಗೆ ಮಾತ್ರ ಅದೇ ಇಡೀ ಪ್ರಪಂಚ. ನಾನು ಎಂಟು ಜಿಬಿ ಎಂದು ಬರೆದುಕೊಟ್ಟೆ. ಒಳಗಿನದು ಎಂಟು ಜಿಬಿ ಎಂದೇ ನಂಬಿತು. ಹೊರಗೆ ನೋಡಿದರೆ ಆ ಕಡತ ಅದರ ಅರ್ಧದಷ್ಟೂ ಇಲ್ಲ! ಬಳಸಿದ ಹಾಗೆ ಬೆಳೆಯುತ್ತ ಹೋಗುತ್ತದೆ. ಈ ವಿಷಯ ತಂದೆಯವರಿಗೆ ಹೇಳಿದಾಗ, "ನಮ್ಮ ಸಾವುಕಾರರ ಗೋದಾಮಿನ ಹಂಗ ಅದ, ಬೋರ್ಡಿನ ಮ್ಯಾಲ ಸಾವಿರ ಚೀಲ, ಒಳಗ ನೋಡಿದ್ರ ಮುನ್ನೂರು" ಎಂದು ಅವರು ಅಂದದ್ದುಂಟು.

ಸ್ಮೃತಿಯದು ಮಾತ್ರ ಹೀಗಲ್ಲ. ಅಲ್ಲಿ ಸುಳ್ಳು ನಡೆಯದು. ಒಳಗಿನ ಲಿನಕ್ಸಿಗೆ ಕೊಟ್ಟದ್ದು ಹೊರಗಿನ ವಿಂಡೋಸಿನ ಪಾಲಿನಿಂದಲೇ ಹೋಗಬೇಕು. ಇಂಗ್ಲಿಷಿನಲ್ಲಿ ಇವರಿಬ್ಬರಿಗೆ ಹೋಸ್ಟ್, ಗೆಸ್ಟ್ ಎಂದೇ ಹೆಸರು: ಮನೆಯೊಡೆಯ ಮತ್ತು ಅತಿಥಿ. ನಮ್ಮ ಊರಿನ ಅನ್ನಛತ್ರದಲ್ಲಿ ಎಷ್ಟು ಜನ ಯಾತ್ರಿಕರು ಬಂದರೂ ಪಂಕ್ತಿ ಏಳುತ್ತದೆ. ಮನೆಯ ಅಡಿಗೆ ಹಾಗಲ್ಲ. ನಾಲ್ಕು ರೊಟ್ಟಿ ಇದ್ದಾಗ ಅತಿಥಿಗೆ ಮೂರು ಕೊಟ್ಟರೆ ಮನೆಯೊಡೆಯ ಉಪವಾಸ, ಅವನು ಬಿದ್ದರೆ ಅತಿಥಿಯೂ ಬಿದ್ದಂತೆಯೇ. ಅಂಗಡಿಯ ಆ ಹಳೆಯ ಯಂತ್ರದಲ್ಲಿ ಇದ್ದದ್ದೇ ೨ ಜಿಬಿ. ಅತಿಥಿಗೆ ೫೧೨ ಎಂಬಿಗಿಂತ ಹೆಚ್ಚು ಕೊಡುವಂತಿರಲಿಲ್ಲ. ವರ್ಚುವಲ್‌ಬಾಕ್ಸಿನಲ್ಲಿ ಸ್ಮೃತಿ ಹಂಚುವ ಪಟ್ಟಿಯಲ್ಲಿ ಹಸಿರು, ಕೆಂಪು ಬಣ್ಣಗಳಿವೆ, ಹಸಿರಿನೊಳಗೇ ಇರಬೇಕು.

ಅಷ್ಟು ಕಡಿಮೆ ಊಟದಲ್ಲಿ ಬದುಕುವ ಅತಿಥಿ ಯಾರು? ಇಲ್ಲಿ ಲಿನಕ್ಸಿನ ಒಂದು ಗುಣ ನೆರವಿಗೆ ಬಂದಿತು. ವಿಂಡೋಸಿನಲ್ಲಿ ಕಣ್ಣಿಗೆ ಕಾಣುವ ತೆರೆಯೂ ಒಳಗಿನ ತಿರುಳೂ ಒಂದೇ ಮೂಟೆ. ಲಿನಕ್ಸಿನಲ್ಲಿ ಅವು ಬೇರೆ ಬೇರೆ. ತೆರೆಯ ಮೇಲಿನ ಈ ಅಂಗಳಕ್ಕೆ ಡೆಸ್ಕ್‌ಟಾಪ್ ಎನ್ನುತ್ತಾರೆ. ಕೆಡಿಇ, ಗ್ನೋಮ್, ಎಕ್ಸ್‌ಎಫ್‌ಸಿಇ, ಎಲ್‌ಎಕ್ಸ್‌ಡಿಇ ಎಂದು ಅದರಲ್ಲಿ ಹತ್ತಾರು ಬಗೆ. ಮೊದಲಿನವೆರಡು ಜರಿಯ ಸೀರೆ ಇದ್ದಂತೆ, ನೋಡಲು ಚೆಂದ, ಹೊರಲು ಭಾರ. ಕೊನೆಯವೆರಡು ದಿನಬಳಕೆಯ ನೂಲಿನ ಸೀರೆ. ನಾನು ಎಲ್‌ಎಕ್ಸ್‌ಡಿಇ ಇದ್ದ ಲುಬುಂಟುವನ್ನು ಆರಿಸಿದೆ. ಕಾಲೇಜಿನಲ್ಲಿ ಪೂರ್ತಿ ಒಂದು ತಿಂಗಳು ಅದನ್ನು ಕಟ್ಟಿ ಕೆಡವಿ, ಕೆಡವಿ ಕಟ್ಟಿದೆ. ಕೆಲವು ಸಲ ಮೌಸಿನ ಬಾಣ ಆ ಒಳಗಿನ ಕಿಟಕಿಯಲ್ಲಿ ಸಿಕ್ಕಿಕೊಂಡು ಎಷ್ಟು ಎಳೆದರೂ ಹೊರಗೆ ಬಾರದು. ಮೊದಲನೆಯ ದಿನ ಹೆದರಿ ವಿದ್ಯುತ್ತನ್ನೇ ಆರಿಸಿದ್ದೆ. ಬಲಗಡೆಯ ಕಂಟ್ರೋಲ್ ಕೀಲಿ ಒತ್ತಿದರೆ ಬಿಡುಗಡೆ ಎಂಬುದು ಆಮೇಲೆ ತಿಳಿಯಿತು.

ಇಷ್ಟಾದರೂ ಮನೆಯ ಯಂತ್ರ ಮುಟ್ಟುವ ಧೈರ್ಯವಿರಲಿಲ್ಲ. ಜುಲೈ ತಿಂಗಳು. ರೈತರು ಹೊಲದಲ್ಲಿ, ಅಂಗಡಿಯಲ್ಲಿ ಕೆಲಸ ಕಡಿಮೆ. ಒಂದು ರವಿವಾರ ಊಟವಾದ ಮೇಲೆ ಕೇಳಿಯೇಬಿಟ್ಟೆ. "ಅಪ್ಪಾ, ಅದ ಗುಂಡಿ ಮತ್ತೊಮ್ಮೆ ಒತ್ತಿ ತೋರಸತೀನ್ರಿ. ನಿಮ್ಮ ಲೆಕ್ಕಕ್ಕ ಏನೂ ಆಗಾಂಗಿಲ್ಲ."

ತಂದೆಯವರು ಬಹಳ ಹೊತ್ತು ನನ್ನ ಮುಖ ನೋಡಿದರು. ಎದ್ದು ಹೋಗಿ ಎರಡು ಪೆನ್‌ಡ್ರೈವ್ ತಂದರು. ಎರಡರಲ್ಲಿಯೂ ಲೆಕ್ಕದ ಪ್ರತಿ ಮಾಡಿಸಿದರು. ಒಂದನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡರು, ಇನ್ನೊಂದನ್ನು ತಾಯಿಯ ಕೈಗೆ ಕೊಟ್ಟು, "ಅಡಗಿ ಮನ್ಯಾಗ ಇಡು" ಎಂದರು. ನಂತರ ನನ್ನ ಪಕ್ಕದಲ್ಲಿ ಕುಳಿತರು.

ವರ್ಚುವಲ್‌ಬಾಕ್ಸಿನಲ್ಲಿ ಲುಬುಂಟು ಸ್ಥಾಪನೆ ಆರಂಭಿಸಿದೆ. ಅವೇ ಪ್ರಶ್ನೆಗಳು, ಅದೇ ಕ್ರಮ. 'ಎರೇಸ್ ಡಿಸ್ಕ್' ಬಂದಿತು. ನನ್ನ ಕೈ ನಡುಗಿತು ಎಂದು ಬರೆಯಲು ನಾಚಿಕೆಯಿಲ್ಲ. ಏನೆಂದು ಬರೆದಿದೆ ಎಂದು ಕೇಳಿದರು. "ಎಲ್ಲಾ ಅಳಿಸತೀನಿ ಅಂತದ್ರಿ." "ಯಾರದು ಎಲ್ಲಾ?" "ಒಳಗಿಂದು ಅಷ್ಟ." ತಂದೆಯವರ ಒಂದು ಕೈ ವಿದ್ಯುತ್ತಿನ ಗುಂಡಿಯ ಮೇಲೆ ಹೋಗಿ ಕುಳಿತಿತು. ಒತ್ತಿದೆ. ನೀಲಿ ಪಟ್ಟಿ ಹರಿಯತೊಡಗಿತು. ಅರ್ಧ ತಾಸು ಹಿಡಿಯಿತು; ಪಾಪದ ಯಂತ್ರ, ಎರಡು ಸಂಸಾರ ಹೊತ್ತು ಏದುಸಿರು ಬಿಡುತ್ತಿತ್ತು. ಅಷ್ಟು ಹೊತ್ತೂ ಅವರು ಗುಂಡಿಯ ಮೇಲಿನ ಕೈ ತೆಗೆಯಲಿಲ್ಲ. ಮುಗಿದ ಮೇಲೆ ನಾನು ಆ ಕಿಟಕಿಯನ್ನು ಕಿರಿದುಮಾಡಿ ವಿಂಡೋಸಿಗೆ ಬಂದು ಅವರ ತಖ್ತೆ ತೆರೆದೆ. ಮೇಲಿಂದ ಕೆಳಗಿನವರೆಗೆ ಬೆರಳು ಹಚ್ಚಿ ಓದಿದರು. ಬಾಕಿ, ಜಮಾ, ಕೊನೆಯ ಬೇರೀಜು. ಒಂದು ಪೈಯೂ ಹೆಚ್ಚುಕಡಿಮೆಯಾಗಿರಲಿಲ್ಲ.

"ಇನ್ನೊಮ್ಮೆ ಒತ್ತು" ಎಂದರು.

ಮತ್ತೊಮ್ಮೆ ಒತ್ತಿದೆವು. ಮತ್ತೆ ಅರ್ಧ ತಾಸು. ಈ ಸಲ ಅವರ ಕೈ ಚಹಾದ ಕಪ್ಪಿನ ಮೇಲಿತ್ತು.

ಆದರೆ ದಿವಾನಜಿಯ ತಲೆ ಸುಮ್ಮನಿರುತ್ತದೆಯೆ! "ಒಳಗಿನವರು ಹೊರಗ ಬರಲಾಕ ಬಾಗಿಲ ಇಲ್ಲೇನು?" ಎಂದು ಕೇಳಿದರು. ಇದೆ. ಹಂಚಿಕೊಂಡ ಫೋಲ್ಡರು ಎಂಬುದೊಂದನ್ನು ಇಟ್ಟರೆ ಹೊರಗಿನ ಕಡತಗಳು ಒಳಗಿನ ಲಿನಕ್ಸಿಗೂ ಸಿಗುತ್ತವೆ. ಅಂಥ ಬಾಗಿಲನ್ನು ನಾನು ಕಾಲೇಜಿನಲ್ಲಿ ದಿನವೂ ತೆರೆದಿಡುತ್ತಿದ್ದೆ. ಆ ಬಾಗಿಲಿನಿಂದ ಒಳಗಿನವನು ಹೊರಗಿನದನ್ನು ಅಳಿಸಬಲ್ಲನೇ ಎಂದರೆ, ಅಳಿಸಬಲ್ಲ. ಇದನ್ನು ಒಪ್ಪಿಕೊಂಡೆ. ಆಗ ಅವರು ಹೇಳಿದ ಮಾತನ್ನು ನಾನು ಯಾವ ಪುಸ್ತಕದಲ್ಲಿಯೂ ಇಷ್ಟು ಸ್ಪಷ್ಟವಾಗಿ ಓದಿಲ್ಲ: "ನೋಡಲಾಕ ಕೊಡು. ಬರೀಲಾಕ ಕೊಡಬ್ಯಾಡ." ಹಾಗೆ ಮಾಡಲು ಅಲ್ಲಿ ಒಂದು ಗುರುತಿನ ಮನೆಯೇ ಇದೆ. ಅಲ್ಲಿ ಟಿಕ್ ಹಾಕಿದೆ. ಅಂದಿನಿಂದ ಯಂತ್ರ ಮುಟ್ಟಲು ಅಪ್ಪಣೆ ಸಿಕ್ಕಿತು, ವಾರಕ್ಕೆ ಎರಡು ರಾತ್ರಿ.

ಆ ಒಳಮನೆಯಲ್ಲಿ ನಾನು ಏನೇನು ಕೆಡಿಸಿದೆನೆಂದು ಲೆಕ್ಕವಿಲ್ಲ. ಕೆಡಿಸುವ ಮೊದಲು ಒಂದು 'ಸ್ನ್ಯಾಪ್‌ಶಾಟ್' ತೆಗೆದಿಟ್ಟರೆ, ಅಂದರೆ ಆ ಕ್ಷಣದ ಸ್ಥಿತಿಯನ್ನು ಉಳಿಸಿಟ್ಟರೆ, ಎಷ್ಟೇ ಕೆಟ್ಟರೂ ಮತ್ತೆ ಅಲ್ಲಿಗೇ ಮರಳಬಹುದು. ಪಾಟಿಯ ಮೇಲೆ ಬರೆದು ಅಳಿಸಿದ ಹಾಗೆ. ಕಾಲೇಜಿನಲ್ಲಿ ಇಂಗ್ಲಿಷ್ ಮಾಧ್ಯಮದ ಹುಡುಗರ ನಡುವೆ ಕೇಳಲು ನಾಚುತ್ತಿದ್ದ ಪ್ರಶ್ನೆಗಳನ್ನೆಲ್ಲ ನಾನು ಆ ಯಂತ್ರಕ್ಕೇ ಕೇಳಿದೆ. ಈ ಆಜ್ಞೆ ಕೊಟ್ಟರೆ ಏನಾಗುತ್ತದೆ? ಕೊಟ್ಟು ನೋಡುವುದು. ಅದು ಬೀಳುವುದು. ಎಬ್ಬಿಸುವುದು. ಮತ್ತೆ ಕೊಡುವುದು.

ಕನ್ನಡದ ವಿಷಯವನ್ನೂ ಇಲ್ಲಿಯೇ ಹೇಳಿಬಿಡಬೇಕು. ಸೋಲಾಪುರದಲ್ಲಿ 'ನುಡಿ'ಯಲ್ಲಿ ಟೈಪು ಮಾಡಿಸಿದ್ದ ನನ್ನದೊಂದು ಪುಟವನ್ನು ಲಿನಕ್ಸಿನಲ್ಲಿ ತೆರೆದಾಗ ಅಕ್ಷರಗಳ ಬದಲು ಯಾವುದೋ ಪರದೇಶದ ಗೀಚು ಕಂಡಿತು. ಹಳೆಯ ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರಗಳನ್ನು ಕೂಡಿಸುತ್ತಿದ್ದರು. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ವೇಷ ಕಳಚಿ ಬೀಳುತ್ತಿತ್ತು. ಯುನಿಕೋಡಿನಲ್ಲಿ ಹಾಗಲ್ಲ, ಪ್ರತಿ ಅಕ್ಷರಕ್ಕೂ ಜಗತ್ತಿಗೆಲ್ಲ ಒಂದೇ ಸಂಖ್ಯೆ. ಲಿನಕ್ಸಿನಲ್ಲಿ ಇದ್ದದ್ದೇ ಯುನಿಕೋಡ್. 'ಗುಬ್ಬಿ', 'ನವಿಲು' ಎಂಬ ಮುದ್ದಾದ ಹೆಸರಿನ ಕನ್ನಡ ಅಕ್ಷರಶೈಲಿಗಳೂ ಅದಕ್ಕೆ ದೊರೆಯುತ್ತವೆ.

ಕೀಲಿಮಣೆಯಲ್ಲಿ ಇನ್‌ಸ್ಕ್ರಿಪ್ಟ್ ಎಂಬ ಸರಕಾರಿ ಕ್ರಮವನ್ನು ಆರಿಸಿದೆ. ತಂದೆಯವರು ಪಕ್ಕದಲ್ಲಿ ಕುಳಿತು ನೋಡುತ್ತಿದ್ದರು. "ಸರಿ, ನಾ ಒಂದು ನೋಡತೀನಿ" ಎಂದು ಒಂದು ಕೀಲಿ ಒತ್ತಿದರು. ಮರಾಠಿಯಲ್ಲಿ 'ತ' ಬರುವ ಕೀಲಿ. ಇಲ್ಲಿಯೂ 'ತ'ವೇ ಬಂದಿತು. 'ಗ' ಇದ್ದಲ್ಲಿ 'ಗ', 'ರ' ಇದ್ದಲ್ಲಿ 'ರ'. ಇನ್‌ಸ್ಕ್ರಿಪ್ಟಿನಲ್ಲಿ ಭಾರತದ ಭಾಷೆಗಳಿಗೆಲ್ಲ ಅಕ್ಷರಗಳ ಜಾಗ ಒಂದೇ ಎಂಬುದು ನಮಗಿಬ್ಬರಿಗೂ ಗೊತ್ತಿರಲಿಲ್ಲ. ಮೂರು ತಿಂಗಳು ಕಷ್ಟಪಟ್ಟು ಮರಾಠಿ ಕಲಿತ ಬೆರಳುಗಳಿಗೆ ಕನ್ನಡ ಪುಕ್ಕಟೆಯಾಗಿ ಬಂದಿತ್ತು! ಮರಾಠಿಯಲ್ಲಿ ಇಲ್ಲದ ಹ್ರಸ್ವ ಎ-ಕಾರ, ಒ-ಕಾರ ಎರಡನ್ನು ಮಾತ್ರ ಹುಡುಕಬೇಕಾಯಿತು. ಅವು ಸಿಕ್ಕೊಡನೆ 'ತೊಗರಿ' ಎಂದು ಬರೆದರು. ಆಮೇಲೆ ತಮ್ಮ ಹುಟ್ಟೂರು 'ನಾಗಣಸೂರ' ಎಂದು ಬರೆದರು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ ಎಂದು ಜನ್ಮವಿಡೀ ನಡೆದ ಮನುಷ್ಯ. ಗಣಕದಲ್ಲಿ ಅವರು ಬರೆದ ಮೊದಲ ಕನ್ನಡ ಶಬ್ದಗಳು ಅವು.

ಪಟ್ಟಿಗಳನ್ನೂ ಕನ್ನಡಕ್ಕೆ ತಿರುಗಿಸಿದೆ. ಅರ್ಧ ಕನ್ನಡವಾದವು, ಅರ್ಧ ಇಂಗ್ಲಿಷಾಗಿಯೇ ಉಳಿದವು. 'ಫೈಲ್' ಎಂಬಲ್ಲಿ 'ಕಡತ' ಎಂದಿದ್ದುದನ್ನು ಓದಿ ತಂದೆಯವರು ಬಿದ್ದು ಬಿದ್ದು ನಕ್ಕರು. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲಪುಡಿ ಹಚ್ಚಿ ಕಪ್ಪುಮಾಡಿ, ಮಡಿಚಿ, ಬಳಪದಿಂದ ಲೆಕ್ಕ ಬರೆಯುತ್ತಿದ್ದ ಹಳೆಯ ವಹಿಗೆ ಕಡತವೆಂದು ಹೆಸರು. "ಇದು ನಮ್ಮ ಮುತ್ಯಾನ ಮಾತು, ಇದರಾಗ ಹ್ಯಾಂಗ ಬಂತು?" ಎಂದರು. ವಿಂಡೋಸಿನಲ್ಲಿಯೂ ಕನ್ನಡದ ಪಟ್ಟಿಗಳನ್ನು ಹಾಕಿಕೊಳ್ಳಬಹುದೆಂಬುದನ್ನು ನ್ಯಾಯವಾಗಿ ಹೇಳಬೇಕು. ನಾವು ಮೊದಲು ಕಂಡದ್ದು ಮಾತ್ರ ಆ ಒಳಮನೆಯಲ್ಲಿ.

ಒಂದರೊಳಗೊಂದು ಗಣಕ ನಡೆಸುವ ಈ ಯುಕ್ತಿ ಇತ್ತೀಚಿನದೆಂದು ನಾನು ತಿಳಿದಿದ್ದೆ. ಅದು ತಪ್ಪು. ಅಮೇರಿಕೆಯ ಐಬಿಎಂ ಕಂಪನಿ ಖೋಲಿಯಷ್ಟು ದೊಡ್ಡ ಯಂತ್ರಗಳಲ್ಲಿ ಇದನ್ನು ೧೯೬೦ರ ದಶಕದಲ್ಲಿಯೇ ಮಾಡಿತ್ತು, ೧೯೭೨ರಲ್ಲಿ ವಿಎಂ/೩೭೦ ಎಂಬ ಹೆಸರಿನಲ್ಲಿ ಮಾರಾಟಕ್ಕೂ ತಂದಿತು. ನಮ್ಮ ಮೇಜಿನ ಮೇಲಿನ ಸಣ್ಣ ಗಣಕಗಳಿಗೆ ಅದು ಇಳಿದುಬಂದದ್ದು ೧೯೯೯ರ ಸುಮಾರಿಗೆ, ವಿಎಂವೇರ್ ಎಂಬ ಸಾಧನದಿಂದ. ೨೦೦೫-೦೬ರಲ್ಲಿ ಇಂಟೆಲ್, ಎಎಂಡಿ ಕಂಪನಿಗಳು ಚಿಪ್ಪಿನೊಳಗೇ ಇದಕ್ಕೆ ಅನುಕೂಲ ಮಾಡಿಕೊಟ್ಟವು. ಇಂದಿಗೂ ಕೆಲವು ಯಂತ್ರಗಳಲ್ಲಿ ಆ ಅನುಕೂಲ ಮುಚ್ಚಿರುತ್ತದೆ. ಯಂತ್ರ ಏಳುವಾಗ ಬಯೋಸಿಗೆ ಹೋಗಿ ತೆರೆಯಬೇಕು. ಎಷ್ಟೋ ಜನ ಇದೊಂದು ಗೊತ್ತಿಲ್ಲದೆ "ನಮ್ಮ ಗಣಕದಾಗ ಆಗಾಂಗಿಲ್ಲ" ಎಂದು ಕೈಬಿಟ್ಟದ್ದನ್ನು ಕಂಡಿದ್ದೇನೆ.

ಈಗಿನ ಹುಡುಗರಿಗೆ ದಾರಿ ಇನ್ನೂ ಸುಲಭ. ವಿಂಡೋಸ್ ತಯಾರಿಸುವ ಮೈಕ್ರೋಸಾಫ್ಟ್ ಕಂಪನಿಯೇ ೨೦೧೬ರಲ್ಲಿ ತನ್ನ ಮನೆಯಲ್ಲಿ ಲಿನಕ್ಸಿಗೆ ಒಂದು ಖೋಲಿ ಕೊಟ್ಟಿತು. ಡಬ್ಲ್ಯುಎಸ್‌ಎಲ್ ಎಂದು ಅದರ ಹೆಸರು. ೨೦೧೯ರಲ್ಲಿ ಪ್ರಕಟವಾದ ಅದರ ಎರಡನೆಯ ರೂಪದಲ್ಲಿ ನಿಜವಾದ ಲಿನಕ್ಸ್ ತಿರುಳೇ ಓಡುತ್ತದೆ. ೨೦೨೧ರಲ್ಲಿ ವಿಂಡೋಸ್ ೧೧ ಬಂದಾಗಿನಿಂದ ಲಿನಕ್ಸಿನ ಕಿಟಕಿಗಳು ವಿಂಡೋಸಿನ ಕಿಟಕಿಗಳ ನಡುವೆಯೇ ತೆರೆಯುತ್ತವೆ. ಪೂರ್ತಿ ಡೆಸ್ಕ್‌ಟಾಪೇ ಬೇಕೆಂದರೆ ಒಳಗೆ ಎಕ್ಸ್‌ಎಫ್‌ಸಿಇ ಮತ್ತು ಎಕ್ಸ್‌ಆರ್‌ಡಿಪಿ ಎಂಬೆರಡನ್ನು ಸೇರಿಸಿ, ವಿಂಡೋಸಿನಲ್ಲಿಯೇ ಇರುವ ರಿಮೋಟ್ ಡೆಸ್ಕ್‌ಟಾಪಿನಿಂದ ಒಳಹೊಕ್ಕು ನೋಡಬಹುದು. ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ತಿರುಳೂ ಲಿನಕ್ಸೇ. ಟರ್ಮಕ್ಸ್ ಎಂಬುದನ್ನು ಹಾಕಿಕೊಂಡು ಅಲ್ಲಿಯೂ ಆಜ್ಞೆಗಳನ್ನು ಕಲಿಯಬಹುದು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗಂತೂ ಈ ಸುತ್ತುದಾರಿಯೇ ಬೇಕಿಲ್ಲ. ಕೇರಳದ ಸರಕಾರಿ ಶಾಲೆಗಳ ಗಣಕಗಳಲ್ಲಿ ಲಿನಕ್ಸೇ ಇದೆ, ಪಾಠವೂ ಕನ್ನಡದಲ್ಲಿ. ಕೇಳಿದಾಗ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಆದರೆ ಡಬ್ಲ್ಯುಎಸ್‌ಎಲ್ಲಿನಲ್ಲಿ ಒಂದು ಅಪಾಯವಿದೆ, ಅದನ್ನು ಪಾಲಕರೂ ತಿಳಿದಿರಬೇಕು. ತಂದೆಯವರು ಮುಚ್ಚಿಸಿದ ಆ ಬಾಗಿಲು ಇಲ್ಲಿ ಮೊದಲಿನಿಂದಲೇ ತೆರೆದಿರುತ್ತದೆ. ವಿಂಡೋಸಿನ 'ಸಿ' ಭಾಗ ಒಳಗಿನ ಲಿನಕ್ಸಿಗೆ ಕಾಣುತ್ತದೆ, ಓದಲೂ ಸಿಗುತ್ತದೆ, ಅಳಿಸಲೂ ಸಿಗುತ್ತದೆ. ಒಳಗೆ ಕುಳಿತು ತಪ್ಪು ಜಾಗದಲ್ಲಿ ಅಳಿಸುವ ಆಜ್ಞೆ ಕೊಟ್ಟರೆ ಹೊರಗಿನ ಮದುವೆ ಫೋಟೋ, ಸಾತಬಾರಾ ಉತಾರೆಯ ಪ್ರತಿ, ಅಂಗಡಿ ಲೆಕ್ಕ ಎಲ್ಲವೂ ಹೋಗಬಹುದು. ಲಿನಕ್ಸು ಇಂಥ ಹೊತ್ತಿನಲ್ಲಿ 'ಖರೇನಾ?' ಎಂದು ಕೇಳುವುದೂ ಇಲ್ಲ. ಒಂದು ಸಣ್ಣ ಕಡತದಲ್ಲಿ ಎರಡು ಸಾಲು ಬರೆದು ಆ ಬಾಗಿಲನ್ನು ಮುಚ್ಚಬಹುದು. ನಾನು ಕಲಿಸುವ ಹುಡುಗರಿಗೆ ಮೊದಲ ದಿನ ಕಲಿಸುವುದು ಅದನ್ನೇ.

ಆ ಹಳೆಯ ಲ್ಯಾಪ್‌ಟಾಪು ೨೦೧೮ರಲ್ಲಿ ಕೆಟ್ಟು ನಿಂತಿತು. ಸಾವುಕಾರರು ಅದನ್ನು ನಮಗೇ ಕೊಟ್ಟರು. ತಂದೆಯವರು ಈಗ ಕೆಲಸ ಬಿಟ್ಟಿದ್ದಾರೆ. ೨೦೧೩ರ ಆ ಹನ್ನೊಂದು ರಾತ್ರಿಯ ವಹಿ ಟ್ರಂಕಿನಲ್ಲಿದೆ. ಕೊನೆಯ ಪುಟದಲ್ಲಿ ಸಿಕ್ಕದ ಎರಡು ಚೀಟಿಗಳ ಜಾಗ ಖಾಲಿ ಬಿಟ್ಟಿದ್ದಾರೆ. ಆ ಹಣ ನಾನು ತಿರುಗಿ ಕೊಡಹೋದಾಗ ತೆಗೆದುಕೊಳ್ಳಲಿಲ್ಲ.

೨೦೨೫ರ ಅಕ್ಟೋಬರ್ ೧೪ಕ್ಕೆ ವಿಂಡೋಸ್ ೧೦ಕ್ಕೆ ಕಂಪನಿಯ ಆಧಾರ ಮುಗಿದ ಮೇಲೆ ನಮ್ಮ ತಾಲೂಕಿನ ಬಹಳ ಮನೆಗಳಲ್ಲಿ, ಅಂಗಡಿಗಳಲ್ಲಿ, ಹಳೆಯ ಯಂತ್ರಗಳನ್ನು ಏನು ಮಾಡಬೇಕೆಂಬ ಚಿಂತೆ ಹುಟ್ಟಿದೆ. ಕೆಲವರು ಲಿನಕ್ಸಿಗೆ ಹೋಗಲು ಮನಸ್ಸು ಮಾಡಿದ್ದಾರೆ. ಒಮ್ಮೆಲೇ ಹೋಗುವ ಬದಲು ಕೆಲವು ದಿನ ಒಳಮನೆಯಲ್ಲಿಟ್ಟು ನೋಡಿರೆಂದು ನಾನು ಹೇಳುತ್ತಿರುತ್ತೇನೆ. ನಿಮ್ಮ ಪ್ರಿಂಟರು ನಡೆಯುತ್ತದೆಯೆ, ನಿಮ್ಮ ಲೆಕ್ಕದ ಸಾಧನಕ್ಕೆ ಬದಲಿ ಇದೆಯೆ, ಕೈಗೆ ಹೊಂದುತ್ತದೆಯೆ ಎಂಬುದನ್ನು ಮೊದಲೇ ಅರಿಯಬಹುದು. ಎಲ್ಲರಿಗೂ ಹೊಂದುತ್ತದೆಂದು ನಾನು ಹೇಳಲಾರೆ. ೪ ಜಿಬಿ ಸ್ಮೃತಿಯ ಯಂತ್ರದಲ್ಲಿ ಎರಡು ಸಂಸಾರ ತೆವಳುತ್ತದೆ. ೮ ಇದ್ದರೆ ನಡೆಯುತ್ತದೆ.

ಮುಖ್ಯಾಧ್ಯಾಪಕರ ಒಪ್ಪಿಗೆಯಿಂದ ಪ್ರತಿ ತಿಂಗಳ ಎರಡನೆಯ ಶನಿವಾರ ಮಧ್ಯಾಹ್ನ ನಾನು ಶಾಲೆಯ ಗಣಕ ಖೋಲಿಯಲ್ಲಿ ಇರುತ್ತೇನೆ. ಎಂಟು, ಒಂಬತ್ತು, ಹತ್ತನೆಯ ಇಯತ್ತೆಯವರು ಬರಬಹುದು, ಪಾಲಕರೂ ಬರಬಹುದು. ಇಂಗ್ಲಿಷು ತಿಳಿಯದಿದ್ದರೆ ಸಂಕೋಚವಿಲ್ಲದೆ ಕೇಳಬೇಕು. ಮನೆಯ ಲ್ಯಾಪ್‌ಟಾಪು ತರುವವರು ಅದರಲ್ಲಿಯ ಲೆಕ್ಕ, ಫೋಟೋಗಳ ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಹಾಕಿ ಮನೆಯಲ್ಲಿಟ್ಟು ಬರಬೇಕು. ಅದು ಆಗಿದೆಯೋ ಇಲ್ಲವೋ ಎಂದು ಬಾಗಿಲಲ್ಲಿ ಕುಳಿತು ಕೇಳುವವರು ನಮ್ಮ ತಂದೆಯವರು. ಇಲ್ಲವೆಂದವರನ್ನು ಅವರು ಒಳಗೆ ಬಿಡುವುದಿಲ್ಲ.